ಬಾತ್‌ಟಬ್ ಶವರಿಗೆ ಗಾಜಿನ ಬಾಗಿಲು: ಎತ್ತರ ಗೊತ್ತುಮಾಡುವುದು ಹೇಗೆ?

ಟಬ್ಬಿನ ಮೇಲೆ ಗಾಜಿನ ಬಾಗಿಲು ಹಾಕಿಸಲು ಹೊರಟವರು ಅಂಗಡಿಯಲ್ಲಿ ಮೊದಲು ಕೇಳುವುದು ‘ಸ್ಟ್ಯಾಂಡರ್ಡ್ ಸೈಜ್ ಎಷ್ಟು?’ ಎಂದು. ಉತ್ತರವೂ ಸಿದ್ಧವಾಗಿರುತ್ತದೆ. ಸರಿಯುವ ಬಾಗಿಲುಗಳು ಹೆಚ್ಚಾಗಿ 145ರಿಂದ 158 ಸೆಂ.ಮೀ. ಎತ್ತರದಲ್ಲಿ ಬರುತ್ತವೆ, ಎತ್ತರದ ಮಾದರಿಗಳು 168 ಸೆಂ.ಮೀ. ಆಸುಪಾಸಿನವು. ಟಬ್ಬಿನ ಅರ್ಧ ಭಾಗಕ್ಕಷ್ಟೇ ನಿಲ್ಲುವ ಗಾಜಿನ ಪರದೆಗಳು 140ರಿಂದ 150 ಸೆಂ.ಮೀ. ಇರುತ್ತವೆ. ಆ ಅಂಕಿಗಳಲ್ಲೊಂದನ್ನು ಆರಿಸಿ ಆರ್ಡರ್ ಕೊಟ್ಟುಬಿಡುವುದು ಸುಲಭ. ಎಡವಟ್ಟಾಗುವುದೂ ಅಲ್ಲಿಯೇ.

ಕ್ಯಾಟಲಾಗಿನಲ್ಲಿರುವ ಎತ್ತರವನ್ನು ಟಬ್ಬಿನ ಅಂಚಿನಿಂದ ಮೇಲಕ್ಕೆ ಅಳೆದಿರುತ್ತಾರೆ. ಟಬ್ಬುಗಳ ಎತ್ತರವೋ ಒಂದೊಂದರದು ಒಂದೊಂದು ಥರ. 36 ಸೆಂ.ಮೀ. ಎತ್ತರದ ತಗ್ಗು ಟಬ್ಬಿದೆ, 50 ಸೆಂ.ಮೀ. ದಾಟುವ ಆಳದ ಟಬ್ಬೂ ಇದೆ. ಅದೇ 150 ಸೆಂ.ಮೀ. ಬಾಗಿಲಿನ ತುದಿ ಮೊದಲನೆಯದರ ಮೇಲೆ ನೆಲದಿಂದ 186ಕ್ಕೆ ಬಂದರೆ, ಎರಡನೆಯದರ ಮೇಲೆ 200ಕ್ಕೆ ಬರುತ್ತದೆ. ಒಂದರಲ್ಲಿ ಮನೆಯ ಎತ್ತರದ ಆಳು ದಿನಾ ತಲೆ ಬಗ್ಗಿಸಬೇಕು, ಇನ್ನೊಂದರಲ್ಲಿ ಸಲೀಸಾಗಿ ಒಳಹೋಗಬಹುದು.

ಆಮೇಲೆ ಸರಿಮಾಡಿಕೊಳ್ಳೋಣ ಎನ್ನುವಂತೆಯೂ ಇಲ್ಲ. ಸ್ನಾನದ ಜಾಗಕ್ಕೆ ಹಾಕುವುದು ಟಫನ್ಡ್ ಗಾಜು. ಅದನ್ನು ಬೇಕಾದ ಅಳತೆಗೆ ಕತ್ತರಿಸಿ, ತೂತು ಕೊರೆದು, ಅಂಚು ಉಜ್ಜಿ, ಆ ಬಳಿಕ ಕುಲುಮೆಯಲ್ಲಿ ಕಾಯಿಸಿ ರಭಸದ ಗಾಳಿಯಿಂದ ಒಮ್ಮೆಲೇ ತಣಿಸುತ್ತಾರೆ. ಹಾಗೆ ತಣಿದ ಗಾಜಿನ ಮೈ ಒತ್ತಡದಲ್ಲಿಯೂ ಒಡಲು ಎಳೆತದಲ್ಲಿಯೂ ಇರುತ್ತದೆ. ಒಡೆದರೆ ಚೂಪು ಚೂರಾಗದೆ ಕಲ್ಲುಸಕ್ಕರೆಯಂಥ ಸಣ್ಣ ತುಂಡುಗಳಾಗಿ ಉದುರುವುದು ಇದರಿಂದಲೇ. ಕುಲುಮೆಯಿಂದ ಬಂದ ಮೇಲೆ ಒಂದು ಸೆಂ.ಮೀ. ಕತ್ತರಿಸಲು ಹೋದರೂ ಇಡೀ ಗಾಜು ಪುಡಿಯಾಗುತ್ತದೆ. ಹಾಗಾಗಿ ಎತ್ತರದ ತೀರ್ಮಾನವೆಲ್ಲ ಆರ್ಡರಿಗೆ ಮುಂಚೆಯೇ ಮುಗಿದಿರಬೇಕು.

ಮೊದಲು ಮೂರು ಅಳತೆ

ಟೈಲ್ಸ್ ಹಾಕಿ ಮುಗಿದು, ಟಬ್ಬು ತನ್ನ ಜಾಗದಲ್ಲಿ ಗಟ್ಟಿಯಾಗಿ ಕೂತ ಮೇಲೆಯೇ ಟೇಪು ಹಿಡಿಯಿರಿ. ಬರೀ ಗೋಡೆ ಇರುವಾಗ ತೆಗೆದ ಅಳತೆ, ಟೈಲ್ಸು ಮತ್ತು ಅದರ ಕೆಳಗಿನ ಗಾರೆಯ ದಪ್ಪ ಸೇರಿದಾಗ ಬದಲಾಗುತ್ತದೆ.

ಒಂದನೆಯದು ಬಾತ್‌ರೂಮಿನ ನೆಲದಿಂದ ಟಬ್ಬಿನ ಅಂಚಿನ ಮೇಲ್ಮೈವರೆಗಿನ ಎತ್ತರ. ಎಡ ತುದಿ, ಮಧ್ಯ, ಬಲ ತುದಿ ಮೂರೂ ಕಡೆ ಅಳೆಯಿರಿ. ನೆಲ ಇಳಿಜಾರಾಗಿರುವುದರಿಂದ ಮೂರೂ ಒಂದೇ ಬರುವುದು ಅಪರೂಪ.

ಎರಡನೆಯದು ಟಬ್ಬಿನ ಒಳ ಆಳ. ಅಂಚಿನ ಮೇಲೆ ಒಂದು ನೇರವಾದ ಪಟ್ಟಿಯನ್ನು ಅಡ್ಡಲಾಗಿ ಇಟ್ಟು, ಅದರ ಕೆಳ ಮೈಯಿಂದ, ಸ್ನಾನ ಮಾಡುವಾಗ ಕಾಲಿಡುವ ಜಾಗದವರೆಗೆ ಟೇಪು ಇಳಿಸಿ. 40 ಸೆಂ.ಮೀ. ಎತ್ತರದ ಟಬ್ಬಿನಲ್ಲಿ ಇದು 34 ಸೆಂ.ಮೀ. ಬಂತು ಎನ್ನಿ. ಅಂದರೆ ಟಬ್ಬಿನೊಳಗೆ ನಿಂತವರ ಪಾದ ಹೊರಗಿನ ನೆಲಕ್ಕಿಂತ 6 ಸೆಂ.ಮೀ. ಮೇಲಿರುತ್ತದೆ. ಬಹುತೇಕ ಜನ ಅಳೆಯದೆ ಬಿಡುವ ಅಳತೆ ಇದು. ತಲೆ ತಾಗುತ್ತದೋ ಇಲ್ಲವೋ ಎಂಬುದು ಇದರ ಮೇಲೆಯೇ ನಿಂತಿದೆ.

ಮೂರನೆಯದು ಅಂಚಿನಿಂದ ಮೇಲಕ್ಕೆ ಸಿಗುವ ಜಾಗ. ಟೈಲ್ಸ್ ಎಲ್ಲಿಯವರೆಗೆ ಇದೆ, ಶವರಿನ ಕೊಳವೆ ಗೋಡೆಯಿಂದ ಹೊರಬರುವುದು ಎಲ್ಲಿ, ಸೂರು ಎಲ್ಲಿ ಎಂಬ ಮೂರನ್ನೂ ಅಂಚಿನಿಂದಲೇ ಅಳೆದು ಬರೆದುಕೊಳ್ಳಿ. ಒಂದನ್ನು ನೆಲದಿಂದ, ಇನ್ನೊಂದನ್ನು ಅಂಚಿನಿಂದ ಅಳೆದು ಬೆರೆಸಿಬಿಟ್ಟರೆ 40 ಸೆಂ.ಮೀ. ತಪ್ಪು ನುಸುಳುತ್ತದೆ, ಕಾಗದದ ಮೇಲೆ ನೋಡುವಾಗ ಅದು ಗೊತ್ತೂ ಆಗುವುದಿಲ್ಲ. ಎಲ್ಲಕ್ಕೂ ಬುಡ ಟಬ್ಬಿನ ಅಂಚೇ ಆಗಿರಲಿ.

ತಲೆ ತಾಗದ ಎತ್ತರ

ಸರಿಯುವ ಬಾಗಿಲಿಗೆ ಮೇಲೊಂದು ಟ್ರ್ಯಾಕ್, ಅಂದರೆ ಗಾಜು ಸರಿಯುವ ಲೋಹದ ಹಳಿ, ಇರುತ್ತದೆ. ಟಬ್ಬಿಗೆ ಹತ್ತುವಾಗ ಇಳಿಯುವಾಗ ಅದರ ಅಡಿಯಲ್ಲಿಯೇ ನುಸುಳಬೇಕು. ಅಲ್ಲಿ ತಲೆಗೆ ಎಷ್ಟು ಜಾಗ ಬೇಕು ಎನ್ನುವುದರ ಲೆಕ್ಕ ಹೀಗೆ: ಮನೆಯ ಅತಿ ಎತ್ತರದವರ ಎತ್ತರದಿಂದ ಟಬ್ಬಿನ ಒಳ ಆಳ ಕಳೆಯಿರಿ. ಅದಕ್ಕೆ 10 ಸೆಂ.ಮೀ. ಬಿಡುವು ಸೇರಿಸಿ. ಟಬ್ಬಿನ ಅಂಚಿನಿಂದ ಟ್ರ್ಯಾಕಿನ ಕೆಳ ಮೈವರೆಗೆ ಕನಿಷ್ಠ ಇಷ್ಟು ಇರಲೇಬೇಕು. ಟ್ರ್ಯಾಕಿನ ದಪ್ಪವನ್ನು ಇದರ ಮೇಲೆ ಕೂಡಿಸಿದರೆ ಬಾಗಿಲಿನ ಒಟ್ಟು ಎತ್ತರ ಸಿಗುತ್ತದೆ.

ಅಂಕಿ ಹಾಕಿ ನೋಡೋಣ. ಆಳು 180 ಸೆಂ.ಮೀ., ಒಳ ಆಳ 34 ಸೆಂ.ಮೀ. ಅಂದರೆ ಅವರ ನೆತ್ತಿ ಅಂಚಿನಿಂದ 146 ಸೆಂ.ಮೀ. ಮೇಲಿರುತ್ತದೆ. ಬಿಡುವು ಸೇರಿ 156. ಟ್ರ್ಯಾಕಿನ ದಪ್ಪ 5 ಸೆಂ.ಮೀ. ಎಂದುಕೊಂಡರೆ 161 ಸೆಂ.ಮೀ. ಬಾಗಿಲು ಬೇಕು. ಇವರು 150 ಸೆಂ.ಮೀ. ಬಾಗಿಲು ಹಾಕಿಸಿಕೊಂಡರೆ ಟ್ರ್ಯಾಕಿನ ಕೆಳ ಮೈ 145ಕ್ಕೆ ಬರುತ್ತದೆ, ನೆತ್ತಿಗಿಂತ 1 ಸೆಂ.ಮೀ. ಕೆಳಗೆ. ನೇರ ತಲೆಗೇ ಬಡಿಯುವ ಎತ್ತರ ಅದು. ಮನೆಯಲ್ಲಿ 165 ಸೆಂ.ಮೀ.ಗಿಂತ ಎತ್ತರದವರು ಯಾರೂ ಇಲ್ಲದಿದ್ದರೆ ಅದೇ ಟಬ್ಬಿಗೆ 146 ಸೆಂ.ಮೀ. ಬಾಗಿಲು ಸಾಕಾಗುತ್ತದೆ.

10 ಸೆಂ.ಮೀ. ಬಿಡುವು ಯಾಕೆಂದರೆ, ಅಂಚು ದಾಟುವಾಗ ಯಾರೂ ಸೆಟೆದು ನಿಂತಿರುವುದಿಲ್ಲ. ಒಂದು ಕಾಲು ಎತ್ತಿದಾಗ ಇನ್ನೊಂದು ಕಾಲಿನ ಹಿಮ್ಮಡಿ ತಾನಾಗಿಯೇ ಮೇಲೇಳುತ್ತದೆ, ಮೈ ಮೂರ್ನಾಲ್ಕು ಸೆಂ.ಮೀ. ಏರುತ್ತದೆ. ತಲೆಗೆ ಟವೆಲ್ ಸುತ್ತಿದ್ದರೆ ಇನ್ನಷ್ಟು. ಒದ್ದೆ ಕಾಲಿನಲ್ಲಿ ಸಮತೋಲ ನೋಡಿಕೊಳ್ಳುತ್ತಿರುವ ಹೊತ್ತಿನಲ್ಲಿ ತಲೆ ತಗುಲಿತೆಂದರೆ ಕಾಲೂ ಜಾರುತ್ತದೆ. ಈ ಬಿಡುವಿನಲ್ಲಿ ಚೌಕಾಸಿ ಬೇಡ.

ಲೆಕ್ಕದ ಮೇಲೆ ನಂಬಿಕೆ ಸಾಲದಿದ್ದರೆ ಒಂದು ದಾರ ಸಾಕು. ಟ್ರ್ಯಾಕಿನ ಕೆಳ ಮೈ ಬರುವ ಎತ್ತರದಲ್ಲಿ, ಅಂಚಿನ ನೇರಕ್ಕೆ, ಈ ಗೋಡೆಯಿಂದ ಆ ಗೋಡೆಗೆ ದಾರವನ್ನು ಬಿಗಿಯಾಗಿ ಎಳೆದು ಟೇಪು ಅಂಟಿಸಿ. ಒಣ ಟಬ್ಬಿಗೆ ಮನೆಯ ಎತ್ತರದವರು ಹತ್ತು ಸಲ ಹತ್ತಿ ಇಳಿಯಲಿ. ಮೊದಲ ಎರಡು ಸಲ ಎಲ್ಲರೂ ಎಚ್ಚರದಿಂದ ಬಗ್ಗುತ್ತಾರೆ, ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ. ಏಳೆಂಟನೆಯ ಸಲಕ್ಕೆ ಮೈ ತನ್ನ ರೂಢಿಗೆ ಬರುತ್ತದೆ, ಆಗ ಕೂದಲಿಗೆ ದಾರ ಸೋಕಿತೋ ಇಲ್ಲವೋ ನೋಡಿ. ಸೋಕಿದರೆ ಎತ್ತರದ ಮಾದರಿಗೆ ಹೋಗಬೇಕು, ಇಲ್ಲವೇ ಮೇಲಿನ ಟ್ರ್ಯಾಕೇ ಇಲ್ಲದ ಬಾಗಿಲನ್ನು ಆರಿಸಬೇಕು.

ಗೋಡೆಗೆ ಹಿಂಜ್ ಹಾಕಿ ತೆರೆಯುವ ಬಾಗಿಲು, ಅರ್ಧ ಟಬ್ಬಿಗೆ ನಿಲ್ಲುವ ಫಿಕ್ಸೆಡ್ ಗಾಜು, ಮಡಚುವ ಪರದೆ ಇವು ಮೂರರಲ್ಲೂ ತಲೆಯ ಮೇಲೆ ಏನೂ ಇರುವುದಿಲ್ಲ. ಹಾಗಾಗಿ ಅಲ್ಲಿ ಎತ್ತರವನ್ನು ತೀರ್ಮಾನಿಸುವುದು ನೀರು ಮಾತ್ರ. ಮನೆಯಲ್ಲಿ 185 ಸೆಂ.ಮೀ. ಮೀರಿದವರಿದ್ದು, ಟಬ್ಬು ತಗ್ಗಿನದಾಗಿದ್ದು, ಸೂರೂ ಕೆಳಗಿದ್ದರೆ ಸರಿಯುವ ಬಾಗಿಲಿನ ಆಸೆ ಬಿಟ್ಟು ಇವುಗಳಲ್ಲೊಂದನ್ನು ಹಾಕಿಸುವುದೇ ಮೇಲು.

ನೀರು ನಿಜಕ್ಕೂ ಎಲ್ಲಿಂದ ಹೊರಬರುತ್ತದೆ?

‘ಗಾಜು ಎತ್ತರವಿದ್ದಷ್ಟೂ ನೆಲ ಒಣಗಿರುತ್ತದೆ’ ಎಂಬ ಮಾತು ಅರ್ಧ ನಿಜ. ಶವರ್ ಹೆಡ್ ಗಾಜಿನ ತುದಿಗಿಂತ ಸ್ವಲ್ಪ ಮೇಲಿದ್ದರೆ ನೀರು ಗಾಜನ್ನು ಹಾರಿ ಹೊರಗೆ ಬೀಳುತ್ತದೆ ಎಂದು ಹೆದರುವವರು ಬಹಳ. ಲೆಕ್ಕ ಹಾಕಿದರೆ ಆ ಹೆದರಿಕೆ ಕಡಿಮೆಯಾಗುತ್ತದೆ.

ಶವರಿನ ಕೊಳವೆ ಸಾಮಾನ್ಯವಾಗಿ ನೆಲದಿಂದ 200 ಸೆಂ.ಮೀ. ಆಸುಪಾಸಿನಲ್ಲಿ ಗೋಡೆಯಿಂದ ಹೊರಬರುತ್ತದೆ. ಹೆಡ್ಡಿನ ಮುಖ ಅದಕ್ಕಿಂತ 5ರಿಂದ 10 ಸೆಂ.ಮೀ. ಕೆಳಗೆ ಬರುತ್ತದೆ, 195 ಎಂದಿಟ್ಟುಕೊಳ್ಳಿ. ಹೆಡ್ಡು ಟಬ್ಬಿನ ಅಗಲದ ಕಡೆಯ ಗೋಡೆಯ ನಡುವೆ ಇದ್ದರೆ ಅಲ್ಲಿಂದ ಗಾಜಿಗೆ ಸುಮಾರು 35 ಸೆಂ.ಮೀ. ದೂರ. ಹೆಡ್ಡನ್ನು ಗಾಜಿನ ಕಡೆಗೇ 45 ಡಿಗ್ರಿ ತಿರುಗಿಸಿದರೂ ಗಾಜು ಮುಟ್ಟುವಷ್ಟರಲ್ಲಿ ನೀರು 35 ಸೆಂ.ಮೀ. ಇಳಿದಿರುತ್ತದೆ. ಅಂದರೆ ಬೀಳುವುದು 160ರ ಎತ್ತರಕ್ಕೆ. ಹೆಚ್ಚುಕಡಿಮೆ ಅಡ್ಡಲಾಗಿ, ಬರೀ 20 ಡಿಗ್ರಿ ಬಾಗಿಸಿ ಬಿಟ್ಟರೂ 182ಕ್ಕೆ ಬೀಳುತ್ತದೆ. 40 ಸೆಂ.ಮೀ. ಟಬ್ಬಿನ ಮೇಲೆ 150 ಸೆಂ.ಮೀ. ಗಾಜಿದ್ದರೆ ಅದರ ತುದಿ 190ರಲ್ಲಿರುತ್ತದೆ. ನೇರವಾಗಿ ಬರುವ ನೀರು ಅದನ್ನು ಹಾರುವುದಿಲ್ಲ.

ಹಾರುವುದು ಮೈಗೆ ಬಡಿದು ಚಿಮ್ಮುವ ಹನಿ. ಭುಜಕ್ಕೆ ಬಿದ್ದ ನೀರು ಸುತ್ತಲೂ ಸಿಡಿಯುತ್ತದೆ, ತಲೆ ತೊಳೆಯುವಾಗ ಎತ್ತಿದ ಮೊಣಕೈಯಿಂದಲೂ ಹನಿಗಳು ಹೊರಗೆ ಚಿಮ್ಮುತ್ತವೆ. ಹಾಗಾಗಿ ಟ್ರ್ಯಾಕ್ ಇಲ್ಲದ ಗಾಜಿಗೂ ಅದರ ತುದಿ ಎತ್ತರದವರ ಭುಜಕ್ಕಿಂತ ಕನಿಷ್ಠ ಒಂದು ಗೇಣು ಮೇಲಿರಬೇಕು. ನೆತ್ತಿಯ ಮಟ್ಟಕ್ಕೆ ಬಂದರೆ ಇನ್ನೂ ಒಳ್ಳೆಯದು. ನೆತ್ತಿ ದಾಟಿದ ಮೇಲೆ ಹೆಚ್ಚಿಸಿದ ಪ್ರತಿ ಸೆಂ.ಮೀ. ಗಾಜು ನೀರು ತಡೆಯುವುದಕ್ಕಿಂತ ಅಂದಕ್ಕೇ ಹೆಚ್ಚು ಒದಗುತ್ತದೆ.

ಈ ಲೆಕ್ಕ ಮೂರು ಕಡೆ ಬದಲಾಗುತ್ತದೆ. ಹೆಡ್ಡು ಟಬ್ಬಿನ ಉದ್ದಗೋಡೆಯಲ್ಲಿದ್ದು ಗಾಜಿಗೆ ಎದುರಾಗಿದ್ದರೆ ಸ್ನಾನದುದ್ದಕ್ಕೂ ಗಾಜಿಗೆ ನೀರು ಬಡಿಯುತ್ತದೆ, ಅಲ್ಲಿ ಎತ್ತರದ ಮಾದರಿಯೇ ಸರಿ. ಹ್ಯಾಂಡ್ ಶವರ್ ಇದ್ದು ಮನೆಯಲ್ಲಿ ಮಕ್ಕಳಿದ್ದರೆ ಅದು ಯಾವ ದಿಕ್ಕಿಗೆ ತಿರುಗುತ್ತದೆಂದು ಹೇಳಲಾಗದು, ಅಲ್ಲಿಯೂ ಎತ್ತರವೇ ಲೇಸು. ಸೂರಿನಿಂದ ನೆಟ್ಟಗೆ ಸುರಿಯುವ ಮಳೆ ಶವರಿಗೆ ಮಾತ್ರ ಕಡಿಮೆ ಎತ್ತರ ಸಾಕು, ಆದರೆ ಅದರ ತಟ್ಟೆಯ ಹೊರ ಅಂಚು ಗಾಜಿನ ಗೆರೆಯಿಂದ ಸಾಕಷ್ಟು ಒಳಗಿರಬೇಕು.

ಪರೀಕ್ಷೆ ಮಾಡಿ ನೋಡುವುದು ಕಷ್ಟವಲ್ಲ. ಪ್ಲಾಸ್ಟಿಕ್ ಪರದೆಯನ್ನು ನೀವು ಅಂದುಕೊಂಡ ಗಾಜಿನ ಎತ್ತರಕ್ಕೆ ತುದಿ ಬರುವಂತೆ ಕಟ್ಟಿ, ಅದರ ಮೇಲೆ ಒಂದಡಿ ಅಗಲದ ಕಂದು ಕಾಗದದ ಪಟ್ಟಿಯನ್ನು ಇಳಿಬಿಡಿ. ಎಂದಿನಂತೆ ತಲೆಸ್ನಾನ ಮಾಡಿ. ಕಂದು ಕಾಗದದ ಮೇಲೆ ಬಿದ್ದ ಹನಿ ಕಪ್ಪಗೆ ಎದ್ದು ಕಾಣುತ್ತದೆ. ಅಲ್ಲೊಂದು ಇಲ್ಲೊಂದು ಚುಕ್ಕೆ ಇದ್ದರೆ ಎತ್ತರ ಸರಿಯಿದೆ. ಕೆಳಗಿನ ಅಂಚು ಉದ್ದಕ್ಕೂ ನೆನೆದಿದ್ದರೆ ಗಾಜು ಇನ್ನಷ್ಟು ಮೇಲೇರಬೇಕು, ಎಷ್ಟು ಎಂಬುದನ್ನು ನೆನೆದ ಗೆರೆಯೇ ತೋರಿಸುತ್ತದೆ.

ಗಾಜಿನ ಬಾಗಿಲು ಹಾಕಿದ ಮೇಲೂ ನೆಲ ಒದ್ದೆಯಾಗುವ ಮನೆಗಳಲ್ಲಿ ನೀರು ಬಹುಪಾಲು ಕೆಳಗಿನಿಂದ ಮತ್ತು ಬದಿಯಿಂದ ಬಂದಿರುತ್ತದೆ. ಎರಡು ಗಾಜುಗಳು ಒಂದರ ಮೇಲೊಂದು ಬರುವ ಸಂದು, ಗೋಡೆಯ ಚಾನೆಲ್ಲು (ಗಾಜಿನ ಬದಿಗೆ ಗೋಡೆಯ ಮೇಲೆ ಕೂರಿಸುವ ಲೋಹದ ಪಟ್ಟಿ) ಟಬ್ಬಿನ ಅಂಚಿಗೆ ಸೇರುವ ಮೂಲೆ, ಸವೆದ ರಬ್ಬರ್ ಪಟ್ಟಿ, ಹೊರಗಿನ ಗಾಜು ಶವರಿನ ಕಡೆಗೆ ಬಂದಿರುವುದು, ಇವೇ ಕಾರಣ. ಸರಿಯುವ ಬಾಗಿಲಿನಲ್ಲಿ ಎರಡೂ ಗಾಜು ಮುಚ್ಚಿದಾಗ ಒಳಗಿನ ಗಾಜು ಶವರಿನ ಬದಿಯಲ್ಲಿರಬೇಕು. ಆಗ ನೀರು ಸಂದಿನ ಬಾಯಿಗೆ ನೇರ ಬಡಿಯದೆ ಗಾಜಿನ ಬೆನ್ನಮೇಲೆ ಜಾರಿ ಟಬ್ಬಿಗೆ ಇಳಿಯುತ್ತದೆ. ಅದಲುಬದಲಾದರೆ ಸೂರಿನವರೆಗೆ ಗಾಜು ಹಾಕಿದರೂ ನೆಲ ನೆನೆಯುತ್ತದೆ.

ಟೈಲ್ಸ್, ಗೋಡೆ, ಸೂರು

ಬಾಗಿಲಿನ ಚಾನೆಲ್ಲು ಪೂರ್ತಿ ಟೈಲ್ಸಿನ ಮೇಲೆಯೇ ಕೂರಬೇಕು, ಟೈಲ್ಸು ಅದನ್ನು ದಾಟಿ ಕನಿಷ್ಠ 5 ಸೆಂ.ಮೀ. ಮೇಲೆ ಹೋಗಿರಬೇಕು. ಟೈಲ್ಸು ನಿಂತು ಬಣ್ಣದ ಗೋಡೆ ಶುರುವಾಗುವಲ್ಲಿ ಸುಮಾರು 1 ಸೆಂ.ಮೀ. ಮೆಟ್ಟಿಲು ಇರುತ್ತದೆ. ಚಾನೆಲ್ಲು ಆ ಮೆಟ್ಟಿಲನ್ನು ದಾಟಿದರೆ ಮೇಲಿನ ತುಂಡು ಗೋಡೆಗೆ ಅಂಟುವುದಿಲ್ಲ. ಹಿಂದೆ ಉಳಿದ ಆ ಸಂದಿಗೆ ಸಿಲಿಕೋನ್ ತುಂಬಿದರೂ ಕೆಲವು ತಿಂಗಳಿಗೆ ಬಿರಿಯುತ್ತದೆ, ಹಿಂದಿನಿಂದ ನೀರಿಳಿದು ಬಣ್ಣ ಉಬ್ಬುತ್ತದೆ. ಟೈಲ್ಸ್ ಕೆಲಸ ಇನ್ನೂ ಆಗದಿದ್ದರೆ ಬಾಗಿಲಿನ ಎತ್ತರವನ್ನು ಮೊದಲೇ ಗೊತ್ತುಮಾಡಿ ಒಂದು ಸಾಲು ಹೆಚ್ಚು ಹಾಕಿಸುವುದು ಜಾಣತನ. ಅಕ್ರಿಲಿಕ್ ಅಥವಾ ಫೈಬರಿನ ಅಚ್ಚು ಗೋಡೆಗಳಿದ್ದರೆ ಅವುಗಳ ಮೇಲ್ಭಾಗ ಹಲವು ಸಲ ದುಂಡಗೆ ತಿರುಗಿರುತ್ತದೆ. ಅಳೆಯಬೇಕಾದದ್ದು ಆ ತಿರುವು ಶುರುವಾಗುವವರೆಗಿನ ನೇರ ಭಾಗವನ್ನು.

ಮೇಲಿನ ಟ್ರ್ಯಾಕಿನ ಬ್ರಾಕೆಟ್ ಎಲ್ಲಿ ಬರುತ್ತದೆಂದು ಗೋಡೆಯ ಮೇಲೆ ಗುರುತು ಹಾಕಿ ನೋಡಿ. ಗುರುತು ಟೈಲ್ಸಿನ ಅಂಚಿಗೋ ಟೈಲ್ಸಿನ ಸಂದಿಗೆ ತುಂಬಿದ ಗ್ರೌಟಿನ ಗೆರೆಗೋ ಬಂದರೆ ಅಲ್ಲಿ ಡ್ರಿಲ್ ಮಾಡುವಾಗ ಟೈಲ್ಸು ಸಿಗಿಯುತ್ತದೆ. ಗಾಜನ್ನು ಅಳತೆ ಕೊಟ್ಟು ಮಾಡಿಸುವವರಾದರೆ ಎತ್ತರವನ್ನು ಎರಡು ಮೂರು ಸೆಂ.ಮೀ. ಏರಿಸಿ ತೂತು ಟೈಲ್ಸಿನ ಮೈಯಲ್ಲಿ ಬರುವಂತೆ ಮಾಡಬಹುದು. ಸಣ್ಣ ವಿಷಯ, ಆದರೆ ಒಂದು ಟೈಲ್ಸು ಸೀಳಿದರೆ ಅದೇ ಬಣ್ಣದ್ದು ಮತ್ತೆ ಸಿಗುವ ಭರವಸೆ ಇರುವುದಿಲ್ಲ. ಟೊಳ್ಳು ಗೋಡೆಯಾದರೆ ಟ್ರ್ಯಾಕು, ಹಿಂಜ್ ಬರುವ ಎತ್ತರದಲ್ಲಿ ಒಳಗೆ ಮರದ ಆಧಾರ ಇರಬೇಕು, ಗೋಡೆ ಮುಚ್ಚುವ ಮೊದಲೇ.

ಗೋಡೆ ನೆಟ್ಟಗಿದೆಯೇ ಎಂಬುದನ್ನೂ ಎತ್ತರದ ಜೊತೆಗೇ ನೋಡಬೇಕು. ಮೀಟರಿಗೆ 5 ಮಿ.ಮೀ. ವಾಲಿದ ಗೋಡೆ 150 ಸೆಂ.ಮೀ. ಎತ್ತರದಲ್ಲಿ 7.5 ಮಿ.ಮೀ. ಆಚೆ ಹೋಗಿರುತ್ತದೆ, 170ರಲ್ಲಿ 8.5 ಮಿ.ಮೀ. ಗೋಡೆಗೆ ಚಾನೆಲ್ ಇರುವ ಬಾಗಿಲು ಇಂಥ ವಾಲನ್ನು ಸ್ವಲ್ಪ ಮಟ್ಟಿಗೆ ನುಂಗಿಕೊಳ್ಳುತ್ತದೆ. ಚಾನೆಲ್ ಇಲ್ಲದೆ ಗಾಜೇ ಗೋಡೆಗೆ ಹತ್ತಿರ ನಿಲ್ಲುವ ವಿನ್ಯಾಸದಲ್ಲಿ ಕೆಳಗೆ ಸರಿಯಿದ್ದ ಸಂದು ಮೇಲೆ ಬೆರಳು ತೂರುವಷ್ಟು ಅಗಲವಾಗಿ ಕಾಣುತ್ತದೆ. ಎತ್ತರ ಹೆಚ್ಚಿಸುವ ಆಸೆಯಿದ್ದರೆ ಉದ್ದನೆಯ ರಸಮಟ್ಟವನ್ನು ಗೋಡೆಗೆ ನಿಲ್ಲಿಸಿ ಮೊದಲು ನೋಡಿ. ವಾಲು ಹೆಚ್ಚಿದ್ದರೆ ಗಾಜಿನ ಬದಿಯನ್ನು ಅದಕ್ಕೆ ತಕ್ಕಂತೆ ಓರೆಯಾಗಿ ಕತ್ತರಿಸಿಕೊಡಲು ಆರ್ಡರಿನಲ್ಲಿಯೇ ಬರೆಯಬೇಕು.

ಸೂರಿಗೆ ಅಂಟಿದ ಗಾಜು ಚಿತ್ರದಲ್ಲಿ ಚೆನ್ನಾಗಿ ಕಾಣುತ್ತದೆ. ಆದರೆ ಟಬ್ಬಿನ ಜಾಗದಲ್ಲಿ ಆವಿ ಹೋಗಲು ಮೇಲೆ ದಾರಿ ಬೇಕು. ಗಾಜಿನ ತುದಿ ಮತ್ತು ಸೂರಿನ ನಡುವೆ 30 ಸೆಂ.ಮೀ. ಬಿಟ್ಟರೆ ಗಾಳಿ ಆಡುತ್ತದೆ. ಎಕ್ಸಾಸ್ಟ್ ಫ್ಯಾನ್ ಗಾಜಿನ ಹೊರಗೆ ಎಲ್ಲೋ ಇದ್ದರಂತೂ ಈ ಬಿಡುವು ತೀರಾ ಅಗತ್ಯ. ಇಲ್ಲವಾದರೆ ಸೂರಿನ ಮೂಲೆಯಲ್ಲಿ ಬೂಷ್ಟು ಕಟ್ಟುತ್ತದೆ.

ಸರಿಯುವ ಬಾಗಿಲಿಗೆ ಇನ್ನೊಂದು ಕಾರಣಕ್ಕೂ ಮೇಲೆ ಜಾಗ ಬೇಕು. ಗಾಜಿನ ತಲೆಯಲ್ಲಿರುವ ರೋಲರನ್ನು ಟ್ರ್ಯಾಕಿಗೆ ಏರಿಸಲು ಗಾಜನ್ನು ಎತ್ತಿ, ಓರೆಮಾಡಿ, ಮತ್ತೆ ಇಳಿಸಬೇಕಾಗುತ್ತದೆ. ಟ್ರ್ಯಾಕಿನ ಮೇಲೆ 10 ಸೆಂ.ಮೀ. ಆದರೂ ಖಾಲಿ ಇರಲಿ, ಸ್ಕ್ರೂಡ್ರೈವರ್ ಹಿಡಿದ ಕೈಯೂ ಅಲ್ಲಿ ಆಡಬೇಕು. ತಯಾರಕರ ಸೂಚನಾ ಹಾಳೆಯಲ್ಲಿ ಅದಕ್ಕಿಂತ ಹೆಚ್ಚು ಕೇಳಿದ್ದರೆ ಅದನ್ನೇ ಪಾಲಿಸಿ. ಬೀಮು, ಇಳಿಜಾರು ಸೂರು, ಮೇಲಿನ ಕಪಾಟು ಇರುವಲ್ಲಿ ಇದನ್ನು ಮರೆತರೆ ಗಾಜು ಟ್ರ್ಯಾಕಿಗೆ ಏರುವುದೇ ಇಲ್ಲ.

ದಪ್ಪ ಮತ್ತು ತೂಕ

ಒಂದು ಚದರ ಮೀಟರ್ ಗಾಜು, ಪ್ರತಿ ಮಿ.ಮೀ. ದಪ್ಪಕ್ಕೆ 2.5 ಕಿಲೋ ತೂಗುತ್ತದೆ. 8 ಮಿ.ಮೀ. ಗಾಜಾದರೆ ಚದರ ಮೀಟರಿಗೆ 20 ಕಿಲೋ, 10 ಮಿ.ಮೀ. ಆದರೆ 25. 75 ಸೆಂ.ಮೀ. ಅಗಲ, 150 ಸೆಂ.ಮೀ. ಎತ್ತರದ 8 ಮಿ.ಮೀ. ಗಾಜು 22.5 ಕಿಲೋ. ಎತ್ತರವನ್ನು 170ಕ್ಕೆ ಏರಿಸಿದರೆ 25.5 ಕಿಲೋ. ಅದನ್ನೇ 10 ಮಿ.ಮೀ. ಮಾಡಿದರೆ ಸುಮಾರು 32 ಕಿಲೋ, ಒಂದು ಗಾಜಿಗೆ. ಎರಡು ಗಾಜಿನ ಭಾರವೂ ಟ್ರ್ಯಾಕಿನ ಮೇಲೆ, ಅಲ್ಲಿಂದ ಎರಡು ಗೋಡೆಯ ನಾಲ್ಕಾರು ಸ್ಕ್ರೂಗಳ ಮೇಲೆ ಬೀಳುತ್ತದೆ. ರೋಲರ್ ಮತ್ತು ಹಿಂಜ್ ಎಷ್ಟು ಕಿಲೋ ತಡೆಯುತ್ತವೆ ಎಂಬುದನ್ನು ಕೇಳಿ ತಿಳಿಯದೆ ಎತ್ತರ ಏರಿಸಬೇಡಿ. ಎರಡು ಹಿಂಜಿನ ಬಾಗಿಲಿಗೆ ಮೂರನೆಯದು ಬೇಕಾಗುವುದು ಇಂಥ ಕಡೆಯೇ.

ಎರಡು ಮೂರು ಕಡೆ ಮಾತ್ರ ಹಿಡಿತವಿರುವ, ಚೌಕಟ್ಟಿಲ್ಲದ ಗಾಜು ಎತ್ತರವಾದಷ್ಟೂ ತುದಿಯಲ್ಲಿ ಅಲುಗುತ್ತದೆ. 140 ಸೆಂ.ಮೀ. ಎತ್ತರದ ಮಡಚುವ ಪರದೆಗೆ 6 ಮಿ.ಮೀ. ಸಾಕು. ಒಂದು ಬದಿ ಪೂರ್ತಿ ಬಿಡುವಾಗಿರುವ 160 ಸೆಂ.ಮೀ. ಫಿಕ್ಸೆಡ್ ಗಾಜಿಗೆ 8 ಮಿ.ಮೀ.ಗಿಂತ ಕಡಿಮೆ ಬೇಡ, ಜೊತೆಗೆ ಗಾಜಿನ ತಲೆಯಿಂದ ಗೋಡೆಗೆ ಒಂದು ಆಧಾರದ ಸಲಾಕೆಯೂ ಇರಲಿ.

ಯಾವ ಎತ್ತರದ್ದಾದರೂ ಸರಿ, ಬಾಗಿಲಿನ ಟ್ರ್ಯಾಕನ್ನಾಗಲಿ ಗಾಜಿಗೆ ಹಾಕಿದ ಟವೆಲ್ ಸಲಾಕೆಯನ್ನಾಗಲಿ ಮೈಭಾರ ಹಾಕಿ ಹಿಡಿಯಬಾರದು. ವಯಸ್ಸಾದವರಿದ್ದರೆ ಗೋಡೆಗೆ ಬೇರೆಯೇ ಹಿಡಿಕೆ ಹಾಕಿಸಿ. ಬಾಗಿಲಿನ ಚಾನೆಲ್ಲಿಗೆ ಅದು ಅಡ್ಡ ಬರದಂತೆ ಜಾಗವನ್ನು ಮೊದಲೇ ಗುರುತಿಸಿಕೊಳ್ಳಿ. ಪುಟ್ಟ ಮಕ್ಕಳಿಗೆ ಹೊರಗೆ ಕೂತು ಸ್ನಾನ ಮಾಡಿಸುವ ಮನೆಯಲ್ಲಿ ಎತ್ತರಕ್ಕಿಂತ ತೆರೆಯುವ ಅಗಲವೇ ದೊಡ್ಡ ವಿಷಯ. ಮಡಚುವ ಪರದೆ ಅಲ್ಲಿ ಒಳ್ಳೆಯದು.

ಆರ್ಡರ್ ಕೊಡುವ ಮುನ್ನ

‘ಎತ್ತರ 150’ ಎಂದಷ್ಟೇ ಬರೆದರೆ ಅದು ಗಾಜಿನ ಎತ್ತರವೋ, ಮೇಲಿನ ಮತ್ತು ಕೆಳಗಿನ ಟ್ರ್ಯಾಕ್ ಸೇರಿದ ಒಟ್ಟು ಎತ್ತರವೋ ಯಾರಿಗೂ ತಿಳಿಯದು. ಎರಡರ ನಡುವೆ ಹಲವು ಸೆಂ.ಮೀ. ವ್ಯತ್ಯಾಸ ಬರುತ್ತದೆ. ಆರ್ಡರ್ ಚೀಟಿಯಲ್ಲಿ ಮೂರು ಸಾಲು ಬರೆಯಿಸಿ: ಟಬ್ಬಿನ ಅಂಚಿನಿಂದ ಮೇಲಿನ ಟ್ರ್ಯಾಕಿನ ಕೆಳ ಮೈಗೆ ಎಷ್ಟು, ಅಂಚಿನಿಂದ ಬಾಗಿಲಿನ ತುದಿಗೆ ಎಷ್ಟು, ಗಾಜಿನ ಎತ್ತರ ಎಷ್ಟು. ಕೆಲವು ವಿನ್ಯಾಸಗಳಲ್ಲಿ ಟ್ರ್ಯಾಕು ಗಾಜಿನ ತುದಿಗಿಂತ ಕೆಳಗೆ ಹಾದು ಗಾಜು ಅದರ ಮೇಲೂ ಚಾಚಿರುತ್ತದೆ. ಅಂಥದರಲ್ಲಿ ಎತ್ತರದ ಗಾಜು ತಂದರೂ ತಲೆ ತಾಗಬಹುದು, ಅದಕ್ಕೇ ಮೊದಲ ಸಾಲು ಮುಖ್ಯ.

ಗಾಜು ಮನೆಯೊಳಗೆ ಬರುವ ದಾರಿಯನ್ನೂ ಟೇಪು ಹಿಡಿದು ನೋಡಿ. 170 ಸೆಂ.ಮೀ. ಗಾಜನ್ನು ಇಬ್ಬರು ನೆಟ್ಟಗೆ ಹಿಡಿದು ಮೆಟ್ಟಿಲಿನ ತಿರುವು, ಬಾತ್‌ರೂಮಿನ ಬಾಗಿಲು ದಾಟಿಸಬೇಕು.

ಕೂರಿಸುವ ದಿನ

ಗಾಜು ಬಂದಾಗ ಮೂಲೆಯಲ್ಲಿ ಟಫನ್ಡ್ ಎಂಬ ಅಳಿಸದ ಮುದ್ರೆ ಇದೆಯೇ ನೋಡಿ. ನಾಲ್ಕೂ ಅಂಚಿನ ಮೇಲೆ ಕಣ್ಣಾಡಿಸಿ. ಟಫನ್ಡ್ ಗಾಜಿನ ಮೈ ಗಟ್ಟಿ, ಅಂಚು ಮಾತ್ರ ಸೂಕ್ಷ್ಮ. ಟೈಲ್ಸಿನ ನೆಲದ ಮೇಲೆ ಅಂಚೂರಿ ನಿಲ್ಲಿಸಿದರೆ ಒಂದು ಸಣ್ಣ ಪೆಟ್ಟಿಗೇ ಇಡೀ ಗಾಜು ಉದುರಬಹುದು. ಮರದ ಪಟ್ಟಿ ಅಥವಾ ದಪ್ಪ ರಟ್ಟಿನ ಮೇಲೆಯೇ ಇಡಬೇಕು.

ಈಗ ಟಬ್ಬಿನ ಅಂಚಿನ ಮೇಲೆ ರಸಮಟ್ಟ ಇಡಿ. ಗುಳ್ಳೆ ಯಾವ ಕಡೆಗೆ ಸರಿಯಿತೋ ಆ ತುದಿ ಎತ್ತರದಲ್ಲಿದೆ. ಮೇಲಿನ ಟ್ರ್ಯಾಕಿನ ಎತ್ತರವನ್ನು ಆ ಎತ್ತರದ ತುದಿಯಿಂದಲೇ ಅಳೆದು ಗೋಡೆಗೆ ಗುರುತು ಹಾಕಬೇಕು. ಎದುರು ಗೋಡೆಯ ಗುರುತನ್ನು ಟೇಪಿನಿಂದ ಹಾಕದೆ ರಸಮಟ್ಟದಿಂದ ಒಯ್ಯಬೇಕು. ತಗ್ಗಿನ ತುದಿಯಿಂದ ಅಳೆದರೆ ಟ್ರ್ಯಾಕು ಕೆಳಗೆ ಬರುತ್ತದೆ, ಗಾಜು ಸರಿಯುತ್ತಾ ಎತ್ತರದ ತುದಿಗೆ ಬಂದಾಗ ಕೆಳಗಿನ ಟ್ರ್ಯಾಕಿಗೆ ಉಜ್ಜುತ್ತದೆ. ಎರಡೂ ಕಡೆ ಟೇಪಿನಿಂದಲೇ ಅಳೆದರೆ ಟ್ರ್ಯಾಕು ಟಬ್ಬಿನ ಜೊತೆಗೇ ವಾಲಿ, ಬಾಗಿಲು ತಾನಾಗಿಯೇ ಒಂದು ಕಡೆಗೆ ಜಾರುತ್ತಿರುತ್ತದೆ. ಉಳಿದ ಎರಡು ಮೂರು ಮಿ.ಮೀ. ವ್ಯತ್ಯಾಸವನ್ನು ರೋಲರಿನ ತಿರುಪಿನಲ್ಲಿ ಸರಿಪಡಿಸಬಹುದು.

ಅಕ್ರಿಲಿಕ್ ಟಬ್ಬು ನೀರು ತುಂಬಿದಾಗ ಒಂದೆರಡು ಮಿ.ಮೀ. ತಗ್ಗುತ್ತದೆ. ಖಾಲಿ ಟಬ್ಬಿಗೆ ಸಿಲಿಕೋನ್ ಎಳೆದರೆ ಮೊದಲ ಸಲ ತುಂಬಿದಾಗಲೇ ಅದು ಎಳೆದು ಬಿರಿಯುತ್ತದೆ. ಟಬ್ಬು ತುಂಬಿಸಿಟ್ಟು ಸಿಲಿಕೋನ್ ಹಚ್ಚಿ, ಅದು ಗಟ್ಟಿಯಾಗುವವರೆಗೆ ನೀರು ಬಿಡದೆ ಹಾಗೇ ಇರಿಸಿ. ಟ್ಯೂಬಿನ ಮೇಲೆ ಬರೆದ ಹೊತ್ತು ಕಳೆಯಲಿ, ಹೆಚ್ಚಿನವಕ್ಕೆ ಒಂದು ದಿನ ಬೇಕು. ಕೆಳಗಿನ ಟ್ರ್ಯಾಕಿನ ಒಳಬದಿಯಲ್ಲಿ ನೀರು ಟಬ್ಬಿಗೆ ಇಳಿಯಲು ಸಣ್ಣ ಕಿಂಡಿಗಳಿರುತ್ತವೆ. ಉತ್ಸಾಹದಲ್ಲಿ ಅವನ್ನೂ ಮುಚ್ಚಿಬಿಟ್ಟರೆ ನೀರು ಟ್ರ್ಯಾಕಿನಲ್ಲಿಯೇ ನಿಂತು, ತುಂಬಿ, ಹೊರಬದಿಗೆ ಹರಿಯುತ್ತದೆ.

ಹಾಕಿದ ಬಾಗಿಲು ಗಿಡ್ಡವೆನಿಸಿದರೆ

ಗಾಜು ಬದಲಿಸುವ ಮೊದಲು ಶವರ್ ಹೆಡ್ಡನ್ನು ನೋಡಿ. ಕೆಳಕ್ಕೆ ಬಾಗಿದ ಕೊಳವೆ ಹಾಕಿದರೆ ಹೆಡ್ಡಿನ ಮುಖ ಕೆಲವು ಸೆಂ.ಮೀ. ಇಳಿಯುತ್ತದೆ, ನೀರು ಅಗಲವಾಗಿ ಹರಡದ ಹೆಡ್ಡು ಹಾಕಿದರೆ ಸಿಡಿತವೂ ಕಡಿಮೆಯಾಗುತ್ತದೆ. ಹೆಡ್ಡಿನ ದಿಕ್ಕನ್ನು ಗಾಜಿನಿಂದ ಒಳಗೋಡೆಯ ಕಡೆಗೆ ಹತ್ತು ಡಿಗ್ರಿ ತಿರುಗಿಸುವುದಕ್ಕೆ ಖರ್ಚೇ ಇಲ್ಲ. ಆಮೇಲೂ ಹೊರಗೆ ನೀರು ಬಂದರೆ, ಬಾಗಿಲು ಮುಚ್ಚಿ, ಹ್ಯಾಂಡ್ ಶವರಿನಿಂದ ಮೊದಲು ಕೆಳಗಿನ ಟ್ರ್ಯಾಕು, ಬಳಿಕ ಬದಿಯ ಚಾನೆಲ್ಲು, ಕೊನೆಗೆ ನಡುವಿನ ಸಂದು, ಹೀಗೆ ಒಂದೊಂದಕ್ಕೇ ಎರಡೆರಡು ನಿಮಿಷ ನೀರು ಬಿಟ್ಟು ಹೊರಗಿನಿಂದ ಇನ್ನೊಬ್ಬರು ನೋಡಲಿ. ಸೋರುವ ಜಾಗ ಎತ್ತರಕ್ಕೆ ಸಂಬಂಧಪಡದ್ದೇ ಆಗಿರುವುದು ಹೆಚ್ಚು.

ತಲೆ ತಾಗುವ ತೊಂದರೆಗೆ ಮಾತ್ರ ಇಂಥ ಅಡ್ಡದಾರಿಗಳಿಲ್ಲ. ಟ್ರ್ಯಾಕನ್ನಷ್ಟೇ ಮೇಲೇರಿಸಿದರೆ ಗಾಜೂ ಮೇಲೇರಿ, ಕೆಳಗಿನ ಟ್ರ್ಯಾಕಿನ ಹಿಡಿತದಿಂದ ತಪ್ಪಿ ಓಲಾಡುತ್ತದೆ. ಅಲ್ಲಿ ಗಾಜು ಮತ್ತು ಬದಿಯ ಚಾನೆಲ್ಲು ಎರಡನ್ನೂ ಎತ್ತರದವಕ್ಕೆ ಬದಲಿಸಬೇಕು, ಇಲ್ಲವೇ ಸರಿಯುವ ಬಾಗಿಲು ತೆಗೆದು ಶವರಿನ ಕಡೆಯ ಅರ್ಧಕ್ಕೆ ಒಂದು ಫಿಕ್ಸೆಡ್ ಗಾಜು ನಿಲ್ಲಿಸಬೇಕು. ಎರಡನೆಯದಕ್ಕೆ ಹೋಗುವವರು ಚಾನೆಲ್ಲಿನ ಹಳೆಯ ಸ್ಕ್ರೂ ತೂತುಗಳು ಹೊಸ ಚಾನೆಲ್ಲಿನ ಅಡಿಯಲ್ಲಿ ಮುಚ್ಚಿಹೋಗುತ್ತವೆಯೇ ಎಂದು ನೋಡಿಕೊಂಡು ಗಾಜಿನ ಎತ್ತರ ಕೊಡಿ. ಹೊರಗೆ ಉಳಿಯುವ ತೂತುಗಳನ್ನು ಟೈಲ್ಸಿನ ಬಣ್ಣದ ಸಿಲಿಕೋನಿನಿಂದ ಮುಚ್ಚಿಬಿಡಿ.